ಮೊದ್ಲು ತೋಟ ನೋಡಿ, ಆಮೇಲೆ ಗ್ಲಾಸ್ ಹಿಡೀರಿ

ವೈನ್ ಬೆಳೆಯೋ ಊರುಗಳಿಗೆ ಪ್ರವಾಸ ಹೋಗೋರು ಏನು ಕೇಳ್ಬೇಕೋ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ವಿ, ನಿಜವಾಗ್ಲೂ ಇಷ್ಟು ಪತ್ರ ಬರತ್ತೆ ಅಂದ್ಕೊಂಡಿರಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ, ಹೆಸರು ಹಾಕದೆ ಇಲ್ಲಿ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ಮೇಡಂ, ನಾನು ನಮ್ಮೆಜಮಾನ್ರು ಇಬ್ರೂ ಮೊದಲ ಸಲ ವೈನ್ ಪ್ರದೇಶಕ್ಕೆ ಹೊರಟಿದೀವಿ. ಐದು ದಿನ ಇದೆ. ದಿನಕ್ಕೆ ಐದರ ಲೆಕ್ಕದಲ್ಲಿ ಇಪ್ಪತ್ತೈದು ವೈನರಿ ನೋಡ್ಬಹುದು ಅಂತ ಅವರು ಲಿಸ್ಟ್ ಮಾಡಿ ಕೂತಿದಾರೆ. ನಂಗ್ಯಾಕೋ ಜಾಸ್ತಿ ಅನ್ಸ್ತಿದೆ. ನೀವೇನಂತೀರ? ಇನ್ನೊಂದು, ಎಲ್ಲಿಗೆ ಹೋಗೋದು ಒಳ್ಳೇದು?

ಉತ್ತರ: ನಿಮಗನ್ಸಿದ್ದೇ ಸರಿ. ದಿನಕ್ಕೆ ಎರಡು ಸಾಕು, ಹತ್ತಿರ ಹತ್ತಿರ ಇದ್ರೆ ಮೂರು, ಅದಕ್ಕಿಂತ ಮೇಲೆ ದಯವಿಟ್ಟು ಬೇಡ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಒಂದು ಟೇಸ್ಟಿಂಗ್‌ನಲ್ಲಿ ಐದು ವೈನ್ ಕೊಡ್ತಾರೆ, ಒಂದೊಂದೂ 50 ಎಂಎಲ್ ಅಂತಿಟ್ಕೊಳ್ಳಿ, ಅಲ್ಲಿಗೆ 250 ಎಂಎಲ್ ಆಯ್ತು. ಮೂರು ವೈನರಿ ಮುಗಿಸೋ ಹೊತ್ತಿಗೆ 750, ಅಂದ್ರೆ ಒಬ್ಬೊಬ್ಬರೂ ಪೂರ್ತಿ ಒಂದೊಂದು ಬಾಟಲಿ ಕುಡಿದ ಹಾಗೆ. ಐದು ವೈನರಿ ಅಂದ್ರೆ ಎಷ್ಟಾಯ್ತು ಅಂತ ಯಜಮಾನ್ರಿಗೆ ತೋರಿಸಿ.

ನಾನೂ ಒಂದ್ಸಲ ಹೀಗೇ ಆಸೆಬಿದ್ದು ಒಂದೇ ದಿನ ಐದು ಕಡೆ ಹೋಗಿದ್ದೆ. ಮೊದಲನೇ ಎರಡು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ, ಮೂರನೇದು ಅರ್ಧಂಬರ್ಧ, ನಾಲ್ಕನೇ ಕಡೆ ನಾಲಿಗೆ ಮರಗಟ್ಟಿ ಹೋಗಿತ್ತು, ಐದನೇ ಕಡೆ ಒಬ್ಬರು ವಯಸ್ಸಾದವರು ತಮ್ಮ ತಂದೆ ನೆಟ್ಟ ಬಳ್ಳಿಗಳ ಬಗ್ಗೆ ಅಷ್ಟು ಪ್ರೀತಿಯಿಂದ ಹೇಳ್ತಿದ್ರೆ ನನಗೆ ಒಂದು ಮಾತೂ ತಲೆಗೆ ಹೋಗ್ಲಿಲ್ಲ. ಅವರ ಮುಖ ನೆನಪಾದ್ರೆ ಈಗಲೂ ಬೇಜಾರಾಗತ್ತೆ.

ಇನ್ನು ಎಲ್ಲಿಗೆ ಅನ್ನೋದು. ಮೊದಲ ಸಲದವರಿಗೆ ನಾನು ಹೇಳೋದು ಪೋರ್ಚುಗಲ್‌ನ ಡೌರೋ ಕಣಿವೆ. ಯಾಕಂದ್ರೆ ಅಲ್ಲಿ ಕಾರಿನ ಚಿಂತೆ ಇಲ್ಲ. ಪೋರ್ಟೋ ಊರಲ್ಲಿ ರೈಲು ಹತ್ತಿದ್ರೆ ಸ್ವಲ್ಪ ಹೊತ್ತಾದ್ಮೇಲೆ ಹಳಿ ನದಿ ಪಕ್ಕಕ್ಕೇ ಬಂದುಬಿಡತ್ತೆ, ಆಮೇಲೆ ಕಿಟಕಿ ಬಿಟ್ಟು ಏಳಕ್ಕೆ ಮನಸ್ಸಾಗಲ್ಲ. ರೆಗುವಾ ಸ್ಟೇಷನ್ನಲ್ಲೋ ಪಿನ್ಯಾವ್ ಸ್ಟೇಷನ್ನಲ್ಲೋ ಇಳಿದ್ರೆ ಸುತ್ತ ಬೆಟ್ಟದ ತುಂಬಾ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ಪಿನ್ಯಾವ್ ಸ್ಟೇಷನ್ ಗೋಡೆ ಮೇಲೆ ನೀಲಿ ಟೈಲ್ಸಲ್ಲಿ ದ್ರಾಕ್ಷಿ ಕೊಯ್ಲಿನ ಚಿತ್ರಗಳಿವೆ, ರೈಲಿಳಿದ ತಕ್ಷಣ ಓಡ್ಬೇಡಿ, ನಿಂತು ನೋಡಿ. ಇಲ್ಲಿ ಬೆಳೆದ ದ್ರಾಕ್ಷಿಯ ವೈನಿಗೇ ಪೋರ್ಟ್ ಅನ್ನೋ ಹೆಸರು ಸಲ್ಲಬೇಕು ಅಂತ 1756ರಲ್ಲೇ ಗಡಿ ಹಾಕಿದ ಜಾಗ ಇದು, 2001ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು.

ಅಲ್ಲಿ ಕೊಯ್ಲಿನ ಸಮಯದಲ್ಲಿ ಒಂದು ಸಣ್ಣ ತೋಟಕ್ಕೆ ಹೋಗಿದ್ದೆ. ತೋಟದ ಯಜಮಾನಿ ನನ್ನ ಕೈಗೆ ಗ್ಲಾಸ್ ಕೊಡ್ಲಿಲ್ಲ, ಮೊದ್ಲು ಒಂದು ಕಲ್ಲು ಕೊಟ್ರು. ಷಿಸ್ಟ್ ಅಂತಾರೆ ಅದಕ್ಕೆ, ಪದರ ಪದರ, ಉಗುರಲ್ಲಿ ಎಬ್ಬಿದ್ರೆ ಚಕ್ಕೆ ಏಳತ್ತೆ, ಬಿಸಿಲಿಗೆ ಕಾದು ಅಂಗೈ ಚುರ್ರನ್ನೋ ಹಾಗಿತ್ತು. ಮಳೆ ಇಲ್ದೇ ಇದ್ರೂ ಬಳ್ಳಿಯ ಬೇರು ಈ ಪದರಗಳ ಸಂದಿಯಲ್ಲಿ ನುಗ್ಗಿ ನುಗ್ಗಿ ಆಳಕ್ಕೆ ಹೋಗಿ ನೀರು ಹುಡುಕತ್ತೆ ಅಂತ ಹೇಳಿದ್ರು. ಆಮೇಲೆ ಗೊನೆಯಿಂದ ಒಂದೇ ಒಂದು ಹಣ್ಣು ಕಿತ್ತು, ನಿಧಾನಕ್ಕೆ ತಿನ್ನಿ ಅಂದ್ರು. ಮೊದ್ಲು ತಿರುಳು, ಬರೀ ಸಿಹಿ, ರಸಕ್ಕೆ ಬಣ್ಣಾನೇ ಇಲ್ಲ. ಆಮೇಲೆ ಸಿಪ್ಪೆ ಮಾತ್ರ ಅಗಿದ್ರೆ ಬೆರಳೆಲ್ಲ ನೇರಳೆ ಬಣ್ಣ, ವಸಡು ಹಿಡಿದ ಹಾಗೆ ಒಗರು. ಕೊನೇಲಿ ಬೀಜ ಕಡಿದ್ರೆ ಇನ್ನೂ ಒಗರು, ಸ್ವಲ್ಪ ಕಹಿ. ರೆಡ್ ವೈನಿನ ಬಣ್ಣ ಎಲ್ಲಿಂದ ಬಂತು, ಆ ಒಗರು ಎಲ್ಲಿಂದ ಬಂತು ಅನ್ನೋದೆಲ್ಲ ಆ ಒಂದು ಹಣ್ಣಲ್ಲೇ ಗೊತ್ತಾಗೋಯ್ತು. ವೈಟ್ ವೈನಿಗೆ ರಸ ಹಿಂಡಿ ಸಿಪ್ಪೆ ಬೇರೆ ಮಾಡಿಬಿಡ್ತಾರೆ, ರೆಡ್‌ಗೆ ಸಿಪ್ಪೆ ಸಮೇತ ಹುದುಗಕ್ಕೆ ಬಿಡ್ತಾರೆ, ವ್ಯತ್ಯಾಸ ಶುರುವಾಗೋದೇ ಅಲ್ಲಿಂದ. ಅದಾದ್ಮೇಲೆ ಗ್ಲಾಸ್ ಹಿಡಿದಾಗ ನಾನು ಕುಡೀತಿರೋದೇನು ಅಂತ ನಂಗೆ ಗೊತ್ತಿತ್ತು. ಅದಕ್ಕೇ ಹೇಳೋದು, ಯಾವ ವೈನರಿಗೆ ಹೋದ್ರೂ ಬುಕ್ ಮಾಡುವಾಗ್ಲೇ "ಟೇಸ್ಟಿಂಗಿಗೆ ಮುಂಚೆ ತೋಟ ತೋರಿಸ್ತೀರಾ?" ಅಂತ ಒಂದು ಮಾತು ಕೇಳಿ.

ಪ್ರಶ್ನೆ: ಮುಂಚೆ ತಿಳಿಸದೆ ಸುಮ್ನೆ ಹೋಗಿ ಬಾಗಿಲು ತಟ್ಟಿದ್ರೆ ಆಗಲ್ವಾ? ಎಲ್ಲಾ ಪ್ಲಾನ್ ಮಾಡ್ಕೊಂಡು ಹೋದ್ರೆ ಮಜಾ ಏನು?

ಉತ್ತರ: ಕೆಲವು ಕಡೆ ಆಗತ್ತೆ, ತುಂಬಾ ಕಡೆ ಆಗಲ್ಲ. ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ 1990ರ ನಂತರ ಶುರುವಾದ ವೈನರಿಗಳಿಗೆ ಅಪಾಯಿಂಟ್‌ಮೆಂಟ್ ಇರೋರನ್ನೇ ಒಳಗೆ ಬಿಡ್ಬೇಕು ಅಂತ ಕೌಂಟಿ ನಿಯಮಾನೇ ಇದೆ. ಫ್ರಾನ್ಸಿನ ಬರ್ಗಂಡಿಯಂಥ ಕಡೆ ಕಥೆ ಬೇರೆ, ಅಲ್ಲಿ ಎಷ್ಟೋ ವೈನರಿ ಅಂದ್ರೆ ಒಂದು ಮನೆ, ಗಂಡ ಹೆಂಡತಿ ಮಗ, ಅಷ್ಟೇ. ನೀವು ಬಾಗಿಲು ತಟ್ಟಿದಾಗ ಅವರು ಟ್ರ್ಯಾಕ್ಟರ್ ಮೇಲಿರ್ತಾರೆ. ಮಧ್ಯಾಹ್ನ 12ರಿಂದ 2ರವರೆಗೆ ಊಟದ ಹೊತ್ತು, ಭಾನುವಾರ ಬಹಳಷ್ಟು ಕಡೆ ಬಾಗಿಲು ಹಾಕಿರ್ತಾರೆ. ಎರಡು ವಾರ ಮುಂಚೆ ಒಂದು ಮೇಲ್ ಹಾಕಿ, ಎಷ್ಟು ಜನ, ಯಾವ ಭಾಷೆ, ಎಷ್ಟು ಗಂಟೆಗೆ ಅಂತ. ತಡ ಆಗೋ ಹಾಗಿದ್ರೆ ಫೋನ್ ಮಾಡಿ, ಹೋಗಕ್ಕಾಗಲ್ಲ ಅಂದ್ರಂತೂ ಖಂಡಿತ ಮಾಡಿ. ನಿಮಗೋಸ್ಕರ ಒಬ್ಬರು ತೋಟದ ಕೆಲಸ ಬಿಟ್ಟು ಬಟ್ಟೆ ಬದಲಾಯಿಸಿ ಕಾಯ್ತಿರ್ತಾರೆ.

ಪ್ಲಾನ್ ಇಲ್ದೇ ಸುತ್ತೋ ಆಸೆ ಇದ್ರೆ ವೈನ್ ರಸ್ತೆಗಳಿರೋ ಕಡೆ ಹೋಗಿ. ಫ್ರಾನ್ಸಿನ ಅಲ್ಸಾಸ್ ವೈನ್ ರೂಟ್ 1953ರಲ್ಲಿ ಶುರುವಾಗಿದ್ದು, ಸುಮಾರು 170 ಕಿಲೋಮೀಟರ್. ಜರ್ಮನಿಯ ವೈನ್ ರಸ್ತೆ ಇನ್ನೂ ಹಳೇದು, 1935ರದು, 85 ಕಿಲೋಮೀಟರ್. ಹಳ್ಳಿ ಹಳ್ಳಿಗೂ ಟೇಸ್ಟಿಂಗ್ ಬೋರ್ಡ್ ಕಾಣ್ಸತ್ತೆ. ಆದ್ರೆ 85 ಕಿಲೋಮೀಟರ್ ತಾನೇ ಅಂತ ಒಂದೇ ದಿನಕ್ಕೆ ಹಾಕ್ಕೋಬೇಡಿ.

ಪ್ರಶ್ನೆ: ಡ್ರೈವಿಂಗ್ ಯಾರು ಮಾಡೋದು ಅನ್ನೋದೇ ನಮ್ಮ ಗುಂಪಲ್ಲಿ ಜಗಳ. ವೈನ್ ರುಚಿ ನೋಡಿ ನುಂಗದೆ ಉಗುಳಿದ್ರೆ ಆಯ್ತು, ಏನೂ ಆಗಲ್ಲ ಅಂತ ಒಬ್ಬರು, ಉಗುಳೋದು ಅಸಹ್ಯ, ಕೊಟ್ಟೋರಿಗೆ ಅವಮಾನ ಅಂತ ಇನ್ನೊಬ್ಬರು.

ಉತ್ತರ: ಉಗುಳೋದು ಅವಮಾನ ಅಲ್ವೇ ಅಲ್ಲ. ವೈನ್ ಮಾಡೋರೇ ದಿನಾ ಉಗುಳ್ತಾರೆ, ಟೇಬಲ್ ಮೇಲೆ ಪೀಕದಾನಿ ಇಟ್ಟಿರೋದೇ ಅದಕ್ಕೆ. ಬಾಯಲ್ಲಿ ಎಲ್ಲಾ ಕಡೆ ಆಡಿಸಿ, ಮೂಗಿಂದ ಉಸಿರು ಬಿಟ್ಟು, ರುಚಿ ಪೂರ್ತಿ ತಗೊಂಡು ಉಗುಳಿ. ಪೀಕದಾನಿ ಕಾಣದಿದ್ರೆ ಕೇಳಿ ಇಸ್ಕೊಳ್ಳಿ. ಗ್ಲಾಸಲ್ಲಿ ಉಳಿದಿದ್ದನ್ನೂ ಅದಕ್ಕೇ ಸುರೀಬಹುದು, ಯಾರೂ ಏನೂ ಅಂದ್ಕೊಳ್ಳಲ್ಲ.

ಆದ್ರೆ ಉಗುಳಿದ್ರೂ ಸ್ವಲ್ಪ ಒಳಗೆ ಹೋಗೇ ಹೋಗತ್ತೆ. ಹಾಗಾಗಿ ನಾನು ಒಪ್ಪೋದು ಒಂದೇ: ಸ್ಟೇರಿಂಗ್ ಹಿಡಿಯೋರು ಅವತ್ತು ವೈನ್ ಮುಟ್ಟಬಾರದು, ಮೂಸಿ ನೋಡಿದ್ರೆ ಸಾಕು. ಫ್ರಾನ್ಸ್, ಇಟಲಿಯಲ್ಲಿ ಸಾಮಾನ್ಯ ಚಾಲಕರಿಗೆ ಲೀಟರ್ ರಕ್ತಕ್ಕೆ 0.5 ಗ್ರಾಂ ಮಿತಿ, ಹೊಸದಾಗಿ ಲೈಸೆನ್ಸ್ ತಗೊಂಡೋರಿಗೆ ಅದಕ್ಕಿಂತ ಬಿಗಿ. ಹಂಗೇರಿಯಲ್ಲಿ ಸೊನ್ನೆ. ಸೊನ್ನೆ ಅಂದ್ರೆ ಸೊನ್ನೆ, ಅಲ್ಲಿನ ಟೋಕಾಯ್ ವೈನ್ ಪ್ರದೇಶಕ್ಕೆ ಹೋಗೋರು ಇದನ್ನ ಮರೀಬೇಡಿ. ಡ್ರೈವರ್ ಇರೋ ಗಾಡಿ ಮಾಡ್ಕೊಳ್ಳಿ, ಇಲ್ಲಾ ರೈಲಿರೋ ಕಡೆ ಹೋಗಿ, ಅದೂ ಇಲ್ಲಾಂದ್ರೆ ನಡೆದೇ ಮೂರ್ನಾಲ್ಕು ವೈನರಿ ಸಿಗೋ ಹಳ್ಳೀಲಿ ರೂಮ್ ಮಾಡಿ. ಸೈಕಲ್ ಅಂತ ಕೆಲವರು ಬರೆದಿದಾರೆ, ಇಳಿಜಾರಿನ ರಸ್ತೇಲಿ ಕುಡಿದು ಸೈಕಲ್ ಓಡಿಸೋದೂ ಅಪಾಯಾನೇ.

ಪ್ರಶ್ನೆ: ಯಾವ ತಿಂಗಳಲ್ಲಿ ಹೋಗ್ಬೇಕು? ಕೊಯ್ಲಿನ ಸಮಯವೇ ಬೆಸ್ಟ್ ಅಂತಾರಲ್ಲ.

ಉತ್ತರ: ಕೊಯ್ಲು ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಯುರೋಪು, ಅಮೆರಿಕಾ ಕಡೆ ಆಗಸ್ಟ್ ಕೊನೆಯಿಂದ ಅಕ್ಟೋಬರ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಅರ್ಜೆಂಟೀನಾ, ಚಿಲಿ ಕಡೆ ಫೆಬ್ರವರಿಯಿಂದ ಏಪ್ರಿಲ್. ಆದ್ರೆ ಅವರಿಗೆ ವರ್ಷಪೂರ್ತಿ ದುಡಿಮೆಯ ಫಲ ಆ ಕೆಲವು ವಾರದಲ್ಲಿ ಒಳಗೆ ಬರ್ಬೇಕು, ಮಳೆ ಬಂದ್ರೆ ಹೋಯ್ತು. ಮಾತಾಡಕ್ಕೆ ಪುರುಸೊತ್ತು ಇರಲ್ಲ, ಕೆಲವು ಸಣ್ಣ ವೈನರಿಗಳು ಆಗ ಪ್ರವಾಸಿಗರನ್ನ ಬಿಟ್ಟುಕೊಳ್ಳೋದೇ ಇಲ್ಲ.

ಕೊಯ್ಲಿನ ಕಾಲದಲ್ಲಿ ಹೋದ್ರೆ ಒಂದು ಎಚ್ಚರಿಕೆ. ದ್ರಾಕ್ಷಿ ರಸ ಹುದುಗುವಾಗ ಸಕ್ಕರೆ ಆಲ್ಕೋಹಾಲ್ ಆಗೋದರ ಜೊತೆಗೆ ಕಾರ್ಬನ್ ಡೈಆಕ್ಸೈಡ್ ಬಿಡತ್ತೆ, ಅದು ಗಾಳಿಗಿಂತ ಭಾರ, ತೊಟ್ಟಿ ಮೇಲೂ ನೆಲಮಾಳಿಗೆಯ ತಗ್ಗಲ್ಲೂ ಹಾಗೇ ನಿಂತಿರತ್ತೆ, ಬಣ್ಣ ಇಲ್ಲ, ಕಣ್ಣಿಗೆ ಕಾಣಲ್ಲ. ಫೋಟೋಗೋಸ್ಕರ ತೊಟ್ಟಿ ಒಳಗೆ ಬಗ್ಗಿ ನೋಡ್ಬೇಡಿ, ಮಕ್ಕಳನ್ನಂತೂ ಹತ್ತಿರ ಬಿಡ್ಬೇಡಿ. ವೈನರಿಗಳಲ್ಲಿ ಕೆಲಸ ಮಾಡೋರೇ ಹೀಗೆ ಪ್ರಾಣ ಕಳ್ಕೊಂಡಿದಾರೆ.

ನನ್ನ ಕೇಳಿದ್ರೆ ಕೊಯ್ಲಿಗೆ ಒಂದು ತಿಂಗಳು, ಒಂದೂವರೆ ತಿಂಗಳು ಮುಂಚೆ ಹೋಗಿ. ಹಸಿರು ಕಾಯಿ ಬಣ್ಣ ತಿರುಗೋ ಕಾಲ ಅದು, ಒಂದೇ ಗೊನೇಲಿ ನಾಲ್ಕು ಕಾಯಿ ಹಸಿರು, ಮೂರು ಗುಲಾಬಿ, ಎರಡು ಕಡು ನೀಲಿ, ನೋಡಕ್ಕೆ ಎಷ್ಟು ಚೆಂದ. ಇಲ್ಲಾ ಚಳಿಗಾಲದಲ್ಲಿ ಹೋಗಿ. ಎಲೆ ಇರಲ್ಲ, ಬರೀ ಬೋಳು ಕಾಂಡ, ಆದ್ರೆ ಬಳ್ಳಿ ಸವರೋ ಕೆಲಸ ಆಗ್ತಿರತ್ತೆ, ದ್ರಾಕ್ಷಿ ಬೆಳೆಗಾರರು ಚಾಟ್ನಿ ಅಂತಾರಲ್ಲ ಅದೇ. ಹೋದ ವರ್ಷ ಬೆಳೆದಿದ್ದರಲ್ಲಿ ಬಹುಪಾಲು ಕತ್ತರಿಸಿ ಹಾಕ್ತಾರೆ, ಯಾವ ಕಣ್ಣು ಉಳಿಸ್ಬೇಕು ಯಾವುದು ಬೇಡ ಅಂತ ಒಂದೊಂದು ಬಳ್ಳಿ ಮುಂದೆ ನಿಂತು ಯೋಚ್ನೆ ಮಾಡೋದು ನೋಡ್ಬೇಕು. ಮತ್ತೆ ಆ ಕಾಲದಲ್ಲಿ ವೈನ್ ಮಾಡೋರೇ ನಿಮ್ಮ ಜೊತೆ ಎರಡು ಗಂಟೆ ಕೂತ್ಕೋತಾರೆ.

ಪ್ರಶ್ನೆ: ನಾನು ಕುಡಿಯಲ್ಲ, ನಮ್ಮತ್ತೆಯವರೂ ಕುಡಿಯಲ್ಲ. ಮಗ ಸೊಸೆಗೆ ಹೋಗೋ ಆಸೆ. ನಾವು ಇಬ್ಬರೂ ಜೊತೆಗೆ ಹೋಗಿ ಸುಮ್ನೆ ಹೊರಗೆ ಕೂತಿರ್ಬೇಕಾ?

ಉತ್ತರ: ಖಂಡಿತ ಬೇಡಮ್ಮ, ಒಳಗೇ ಹೋಗಿ. ಈ ಪತ್ರ ಓದಿ ನಂಗೆ ತುಂಬಾ ಖುಷಿಯಾಯ್ತು, ಮೂರು ತಲೆಮಾರು ಒಟ್ಟಿಗೆ ಹೊರಟಿದೀರಲ್ಲ ಅಂತ. ಬುಕ್ ಮಾಡುವಾಗ ಇಬ್ರು ಕುಡಿಯಲ್ಲ ಅಂತ ತಿಳಿಸಿ, ಕೆಲವರು ಅವರದೇ ತೋಟದ ದ್ರಾಕ್ಷಿ ರಸ ಕೊಡ್ತಾರೆ.

ನಿಮ್ಮಂಥೋರಿಗೆ ಫ್ರಾನ್ಸಿನ ಶಾಂಪೇನ್ ಪ್ರದೇಶ ಹೇಳ್ತೀನಿ. ರೀಮ್ಸ್ ಊರಿನ ಕೆಳಗೆ ಹಳೇ ಕಾಲದಲ್ಲಿ ಸುಣ್ಣಕಲ್ಲು ತೆಗೆದ ದೊಡ್ಡ ದೊಡ್ಡ ಗುಂಡಿಗಳಿವೆ, ಅವನ್ನೇ ನೆಲಮಾಳಿಗೆ ಮಾಡ್ಕೊಂಡಿದಾರೆ. 2015ರಲ್ಲಿ ಅಲ್ಲಿನ ಇಳಿಜಾರು ತೋಟಗಳನ್ನೂ ಈ ನೆಲಮಾಳಿಗೆಗಳನ್ನೂ ಯುನೆಸ್ಕೋ ಪಟ್ಟಿಗೆ ಸೇರಿಸಿದ್ರು. ಮೆಟ್ಟಿಲಿಳಿದು ಹೋದ್ರೆ ಬೇಸಿಗೇಲೂ ಹತ್ತು ಹನ್ನೆರಡು ಡಿಗ್ರಿ, ಗೋಡೆ ಮುಟ್ಟಿದ್ರೆ ಬೆರಳಿಗೆ ಬಿಳಿ ಪುಡಿ ಅಂಟತ್ತೆ, ಸಾಲು ಸಾಲು ಬಾಟಲಿ ಕತ್ತಲಲ್ಲಿ ಮಲಗಿರತ್ವೆ. ಆ ಬಾಟಲಿ ಒಳಗೇ ಎರಡನೇ ಸಲ ಹುದುಗು ಬಂದು ಗುಳ್ಳೆ ಆಗೋದು, ಒಳಗಿನ ಒತ್ತಡ ಕಾರಿನ ಟೈರಿಗಿಂತ ಎರಡು ಪಟ್ಟಿಗೂ ಹೆಚ್ಚು. ತಳದಲ್ಲಿ ಕೂತ ಈಸ್ಟ್ ಗಷ್ಟನ್ನ ಬಾಯಿ ಕಡೆ ತರಕ್ಕೆ ಇಳಿಜಾರು ಹಲಗೆಯ ತೂತಿನಲ್ಲಿ ಬಾಟಲಿ ತಲೆಕೆಳಗೆ ಸಿಕ್ಕಿಸಿ ದಿನಾ ಸ್ವಲ್ಪ ಸ್ವಲ್ಪ ತಿರುಗಿಸ್ತಿದ್ರು. ಈಗ ಹೆಚ್ಚಿನ ಕಡೆ ಮೆಷಿನ್ ಮಾಡತ್ತೆ, ಕೈಯಲ್ಲಿ ತಿರುಗಿಸೋದನ್ನ ತೋರಿಸೋ ಕಡೆ ಹೋದ್ರೆ ಬಿಡದೆ ನೋಡಿ. ಎರಡೂ ಕೈಯಲ್ಲಿ ಒಂದೊಂದು ಬಾಟಲಿ ಹಿಡಿದು ಟಕ್ ಟಕ್ ಅಂತ ಸಾಲು ಮುಗಿಸ್ತಾರೆ, ಕಣ್ಣು ಅದರ ಹಿಂದೆ ಓಡಕ್ಕಾಗಲ್ಲ. ಅತ್ತೆಯವರಿಗೆ ಸ್ವೆಟರ್ ತಗೊಳ್ಳಿ, ಎಷ್ಟು ಮೆಟ್ಟಿಲಿದೆ, ಲಿಫ್ಟ್ ಇದೆಯಾ ಅಂತ ಮುಂಚೇನೇ ಕೇಳಿ, ಕೆಲವು ಕಡೆ ನೂರಕ್ಕೂ ಹೆಚ್ಚು ಮೆಟ್ಟಿಲಿರತ್ತೆ.

ಪ್ರಶ್ನೆ: ಚೆರ್ರಿ ಪರಿಮಳ, ಲೆದರ್ ಪರಿಮಳ, ಹೀಗೆಲ್ಲ ಹೇಳ್ತಾರೆ. ನನಗೆ ಏನೂ ಗೊತ್ತಾಗಲ್ಲ. ಕೇಳಿದ್ರೆ ಏನು ಹೇಳೋದು ಅಂತ ಭಯ.

ಉತ್ತರ: ಭಯ ಬೇಡ. ನಮ್ಮ ಭಾಷೇಲಿ ರುಚಿಗೆ ಇರೋ ಮಾತುಗಳೇ ಸಾಕು. ಮೊದ್ಲು ಹುಳಿ ನೋಡಿ, ನುಂಗಿದ್ಮೇಲೆ ಬಾಯಲ್ಲಿ ನೀರೂರ್ತಾ ಇದ್ರೆ ಹುಳಿ ಜಾಸ್ತಿ ಅಂತ. ಆಮೇಲೆ ಒಗರು, ಹಾಲು ಹಾಕದ ಕಡು ಟೀ ಕುಡಿದಾಗ ವಸಡು ಒಣಗಿ ನಾಲಿಗೆ ದಪ್ಪ ಆದ ಹಾಗಾಗತ್ತಲ್ಲ, ಅದು. ಟ್ಯಾನಿನ್ ಟ್ಯಾನಿನ್ ಅಂತ ತಜ್ಞರು ಹೇಳೋದು ಅದನ್ನೇ, ಒಗರು ಅನ್ನೋ ಒಂದೇ ಮಾತಲ್ಲಿ ನಮಗೆ ಚಿಕ್ಕಂದಿನಿಂದ ಗೊತ್ತು. ಮೂರನೇದು, ಗಂಟಲಲ್ಲಿ ಎಷ್ಟು ಬೆಚ್ಚಗೆ ಉರೀತು, ಅದು ಆಲ್ಕೋಹಾಲ್. ಕೊನೇದು, ಬಾಯಿ ಖಾಲಿ ಆದ್ಮೇಲೂ ರುಚಿ ಎಷ್ಟು ಹೊತ್ತು ಉಳೀತು. ಈ ನಾಲ್ಕನ್ನ ಒಂದು ಸಣ್ಣ ಪುಸ್ತಕದಲ್ಲಿ ಬರೀತಾ ಹೋಗಿ, ಎರಡನೇ ದಿನಕ್ಕೆ ನಿಮಗೇ ವ್ಯತ್ಯಾಸ ಗೊತ್ತಾಗತ್ತೆ. ಪರಿಮಳಗಳ ಹೆಸರು ನಿಧಾನಕ್ಕೆ ಬರತ್ತೆ, ಬರದಿದ್ರೂ ನಷ್ಟ ಇಲ್ಲ. ಒಂದು ವಿಷ್ಯ ಮಾತ್ರ, ಅವತ್ತು ಸೆಂಟ್ ಹಾಕ್ಕೊಂಡು ಹೋಗ್ಬೇಡಿ, ನಿಮ್ಮ ಮೂಗಿಗೂ ಕಷ್ಟ, ಪಕ್ಕದಲ್ಲಿರೋರಿಗೂ ಕಷ್ಟ.

ಪ್ರಶ್ನೆ: ಹೆಸರಾಂತ ದೊಡ್ಡ ವೈನರಿಗಳಿಗೆ ಹೋಗೋದಾ, ಸಣ್ಣವಕ್ಕಾ?

ಉತ್ತರ: ಒಂದು ದೊಡ್ಡದು, ಉಳಿದಿದ್ದು ಸಣ್ಣದು. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ 1855ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೋಸ್ಕರ ಶಾಟೋಗಳಿಗೆ, ಅಂದ್ರೆ ಅಲ್ಲಿನ ವೈನ್ ಎಸ್ಟೇಟ್‌ಗಳಿಗೆ, ದರ್ಜೆ ಕೊಟ್ರು, ಆಗಿನ ಮಾರಾಟದ ಬೆಲೆ ನೋಡಿ ಕೊಟ್ಟ ದರ್ಜೆ ಅದು. ಎರಡನೇ ದರ್ಜೇಲಿದ್ದ ಮೂಟೋನ್ ಅನ್ನೋ ಶಾಟೋ 1973ರಲ್ಲಿ ಮೊದಲನೇದಕ್ಕೆ ಏರಿದ್ದು ಬಿಟ್ರೆ ದೊಡ್ಡ ಬದಲಾವಣೇನೇ ಆಗಿಲ್ಲ. ಇನ್ನೊಂದು ಕಡೆ 1976ರಲ್ಲಿ ಪ್ಯಾರಿಸ್‌ನಲ್ಲೇ ಫ್ರೆಂಚ್ ತೀರ್ಪುಗಾರರು ಲೇಬಲ್ ಮುಚ್ಚಿ ರುಚಿ ನೋಡಿದಾಗ ರೆಡ್ ಮತ್ತೆ ವೈಟ್ ಎರಡರಲ್ಲೂ ಮೊದಲ ಸ್ಥಾನ ಬಂದಿದ್ದು ಆವಾಗ ಅಷ್ಟು ಹೆಸರಿಲ್ಲದ ನಾಪಾದ ವೈನ್‌ಗಳಿಗೆ. ಅದಕ್ಕೇ ಹೆಸರು ನೋಡಿ ಇಡೀ ಪ್ರವಾಸ ಕಟ್ಟಬೇಡಿ. ದೊಡ್ಡ ಕಡೆ ಕಟ್ಟಡ, ಪೀಪಾಯಿಗಳ ಸಾಲು ಚೆನ್ನಾಗಿರತ್ತೆ, ನಿಮ್ಮ ಪ್ರಶ್ನೆಗೆ ಉತ್ತರ ಕೊಡೋದು ಗೈಡ್. ಸಣ್ಣ ಕಡೆ ಉತ್ತರ ಕೊಡೋರ ಉಗುರಲ್ಲಿ ಮಣ್ಣಿರತ್ತೆ.

ಪ್ರಶ್ನೆ: ತೋಟಕ್ಕೆ ಬೇಲಿ ಇರ್ಲಿಲ್ಲ, ಫೋಟೋ ತೆಗೆಯಕ್ಕೆ ಒಳಗೆ ಹೋದ್ವಿ, ಯಾರೋ ಓಡಿ ಬಂದು ಬೈದ್ರು. ಒಂದು ಹಣ್ಣೂ ಕಿತ್ತಿರ್ಲಿಲ್ಲ. ಅಷ್ಟಕ್ಕೆ ಯಾಕೆ ಅಷ್ಟು ಸಿಟ್ಟು?

ಉತ್ತರ: ನಿಮಗೆ ಬೇಜಾರಾಗಿದ್ದು ಅರ್ಥ ಆಗತ್ತೆ, ಆದ್ರೆ ಅವರ ಭಯಾನೂ ತಿಳ್ಕೊಳ್ಳಿ. ಅವರು ಹೆದರೋದು ಹಣ್ಣಿಗಲ್ಲ, ನಿಮ್ಮ ಶೂಗೆ. ಫಿಲಾಕ್ಸೆರಾ ಅಂತ ಒಂದು ಹುಳು ಇದೆ, ಹೇನಿನ ಥರ, ಕಣ್ಣಿಗೆ ಕಾಣೋದೇ ಕಷ್ಟ, ಬಳ್ಳಿಯ ಬೇರಿನ ರಸ ಹೀರತ್ತೆ. 1860ರ ದಶಕದಲ್ಲಿ ಅಮೆರಿಕಾದ ಗಿಡಗಳ ಜೊತೆ ಫ್ರಾನ್ಸಿಗೆ ಬಂತು, ಮುಂದಿನ ಕೆಲವು ದಶಕದಲ್ಲಿ ಯುರೋಪಿನ ತೋಟಗಳನ್ನ ಒಣಗಿಸಿಬಿಡ್ತು. ಔಷಧಿ ಸಿಗ್ಲೇ ಇಲ್ಲ, ಇವತ್ತಿಗೂ ಇಲ್ಲ. ಹುಳುವನ್ನ ತಾಳ್ಕೊಳ್ಳೋ ಅಮೆರಿಕಾದ ಬಳ್ಳಿಯ ಬೇರಿಗೆ ಯುರೋಪಿನ ಬಳ್ಳಿ ಕಸಿ ಕಟ್ಟಿದ್ರು, ಈಗ ಪ್ರಪಂಚದ ಹೆಚ್ಚಿನ ವೈನ್ ಬಳ್ಳಿಗಳು ನಿಂತಿರೋದು ಆ ಬೇರಿನ ಮೇಲೆ.

ಆ ಹುಳು ಮುಟ್ಟದ ಜಾಗಗಳು ಕೆಲವು ಉಳಿದಿವೆ. ದಕ್ಷಿಣ ಆಸ್ಟ್ರೇಲಿಯಾ ಅಂಥದ್ದು. ಅಲ್ಲಿನ ಬರೋಸಾದಲ್ಲಿ 1840ರ ದಶಕದಲ್ಲಿ ಸ್ವಂತ ಬೇರಿನ ಮೇಲೆ ನೆಟ್ಟ ಶಿರಾಜ್ ತಳಿಯ ಬಳ್ಳಿಗಳು ಇನ್ನೂ ಹಣ್ಣು ಬಿಡ್ತಿವೆ, ಕಾಂಡ ನೋಡಿದ್ರೆ ಮುದಿ ಮರದ ಬುಡದ ಹಾಗೆ ತಿರುಚಿಕೊಂಡಿರತ್ತೆ. ನಿಮ್ಮ ಶೂ ತಳದಲ್ಲಿ ಅಂಟಿರೋ ಒಂದು ಚೂರು ಮಣ್ಣಲ್ಲಿ ಆ ಹುಳು ಬಂದ್ರೆ ಮುಗೀತು, ನೂರೆಂಭತ್ತು ವರ್ಷದ ಬಳ್ಳಿ ಮತ್ತೆ ಬರಲ್ಲ. ಅದಕ್ಕೇ ಬೇಲಿ ಇರ್ಲಿ ಬಿಡ್ಲಿ, ಕೇಳದೆ ಸಾಲಿನ ಒಳಗೆ ಹೋಗ್ಬೇಡಿ. ಅವರೇ ಕರ್ಕೊಂಡು ಹೋದ್ರೆ ಹೋಗಿ, ಶೂ ಅದ್ದಿ ತೊಳೀರಿ ಅಂದ್ರೆ ತೊಳೀರಿ. ಒಂದು ಪ್ರದೇಶದಿಂದ ಇನ್ನೊಂದಕ್ಕೆ ಹೋಗುವಾಗ ಯಾರೂ ಹೇಳದಿದ್ರೂ ಶೂ ತಿಕ್ಕಿ ಮಣ್ಣು ತೆಗೀರಿ.

ಪ್ರಶ್ನೆ: ಪ್ರತಿ ಕಡೆಯೂ ಬಾಟಲಿ ಕೊಳ್ಳಲೇಬೇಕಾ? ಕೊಂಡಿದ್ದನ್ನ ವಿಮಾನದಲ್ಲಿ ತರಬಹುದಾ?

ಉತ್ತರ: ಟೇಸ್ಟಿಂಗಿಗೆ ದುಡ್ಡು ಕೊಟ್ಟಿದ್ರೆ ಕೊಳ್ಳಲೇಬೇಕು ಅಂತಿಲ್ಲ. ದುಡ್ಡು ತಗೊಳ್ದೆ ಒಂದು ಗಂಟೆ ಕೂತು ಕುಡಿಸಿದ ಸಣ್ಣ ವೈನರಿಯಾದ್ರೆ ಒಂದೆರಡು ಬಾಟಲಿ ತಗೊಳ್ಳಿ, ಅದು ಮರ್ಯಾದೆ. ಚೆಕ್ ಇನ್ ಲಗೇಜಲ್ಲಿ ಹಾಕಬಹುದು, 24 ಪರ್ಸೆಂಟ್‌ವರೆಗಿನ ವೈನಿಗೆ ವಿಮಾನದ ಸುರಕ್ಷತಾ ನಿಯಮದಲ್ಲಿ ಲೀಟರ್ ಮಿತಿ ಇಲ್ಲ, ಅದಕ್ಕಿಂತ ಗಟ್ಟಿ ಇರೋ ಬ್ರಾಂಡಿಯಂಥದಕ್ಕೆ 70 ಪರ್ಸೆಂಟ್‌ವರೆಗೆ ಒಬ್ಬರಿಗೆ 5 ಲೀಟರ್. ಇಳಿಯೋ ದೇಶದ ಸುಂಕದ ಮಿತಿ ಬೇರೆ, ಅದನ್ನ ನೋಡ್ಕೊಂಡೇ ಕೊಳ್ಳಿ. ಬಟ್ಟೆ ಸುತ್ತಿ ಸೂಟ್‌ಕೇಸ್ ಮಧ್ಯದಲ್ಲಿ ಇಡಿ. ಎಲ್ಲಕ್ಕಿಂತ ಮುಖ್ಯ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕೀಲಿ ಬಾಟಲಿ ಬಿಟ್ಟು ಊರು ಸುತ್ತಕ್ಕೆ ಹೋಗ್ಬೇಡಿ, ಒಂದು ಮಧ್ಯಾಹ್ನ ಸಾಕು ವೈನ್ ಬೆಂದು ಹೋಗಕ್ಕೆ. ಮನೆಗೆ ಬಂದ್ಮೇಲೆ ಕತ್ತಲಿರೋ ತಂಪಾದ ಜಾಗದಲ್ಲಿ ಅಡ್ಡ ಮಲಗಿಸಿ, ಎರಡು ವಾರ ಮುಟ್ಟದೆ ಬಿಟ್ಟು ಆಮೇಲೆ ತೆಗೀರಿ.